ಭೂ-ಜಲ-ವಾಯು ದಳಗಳ ಸಂಯುಕ್ತ ಕಾರ್ಯಾಚರಣೆ

ಪ್ರಾಚೀನ ಭಾರತದ ಯುದ್ಧವಿದ್ಯೆಯಲ್ಲಿ ‘ಚತುರಂಗ ಬಲ’ವೆಂಬ ಮಾತು ಸುಪ್ರಸಿದ್ಧವಾದುದು. ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳು ಕೂಡಿದಾಗ ಮಾತ್ರ ಸೈನ್ಯವು ಪೂರ್ಣವೆನಿಸುತ್ತಿತ್ತು. ಒಂದು ಅಕ್ಷೌಹಿಣಿಯಲ್ಲಿ 21,870 ರಥಗಳು, ಅಷ್ಟೇ ಸಂಖ್ಯೆಯ ಆನೆಗಳು, 65,610 ಕುದುರೆಗಳು ಮತ್ತು 1,09,350 ಕಾಲಾಳುಗಳು ಇರುತ್ತಿದ್ದುವೆಂದು ಮಹಾಭಾರತವು ಲೆಕ್ಕ ಕೊಡುತ್ತದೆ. ಈ ದೊಡ್ಡ ಸಂಖ್ಯೆಗಳಿಗಿಂತಲೂ ವಿಚಾರಾರ್ಹವಾದುದು ಅಕ್ಷೌಹಿಣಿಯ ಅತ್ಯಂತ ಚಿಕ್ಕ ಘಟಕವಾದ ‘ಪತ್ತಿ’. ಒಂದು ರಥ, ಒಂದು ಆನೆ, ಮೂರು ಕುದುರೆ, ಐವರು ಕಾಲಾಳುಗಳು ಸೇರಿದರೆ ಒಂದು ಪತ್ತಿ. ಎಂದರೆ, ಸೈನ್ಯದ ಭಿನ್ನ ಭಿನ್ನ ಅಂಗಗಳ ಕೂಡಿಕೆಯು ಸೇನಾಧಿಪತಿಯ ಡೇರೆಯಲ್ಲಿ ಮಾತ್ರ ಆದರೆ ಸಾಲದು, ಕಟ್ಟಕಡೆಯ ತುಕಡಿಯಲ್ಲಿಯೂ ಅದು ಬೇರೂರಿರಬೇಕೆಂಬ ತಿಳಿವಳಿಕೆ ಆ ಕಾಲಕ್ಕೇ ಇದ್ದಿತು.

ಇಂದು ರಥಗಳಿಲ್ಲ, ಗಜಗಳಿಲ್ಲ. ಭೂಸೇನೆ, ನೌಕಾಸೇನೆ, ವಾಯುಸೇನೆಗಳೆಂಬ ಮೂರು ದಳಗಳು ರಾಷ್ಟ್ರದ ರಕ್ಷಣೆಯ ಹೊಣೆಯನ್ನು ಹೊತ್ತಿವೆ. ಈ ಮೂರೂ ಒಂದೇ ಗುರಿಯನ್ನಿಟ್ಟುಕೊಂಡು, ಒಂದೇ ಯೋಜನೆಯಂತೆ ನಡೆಸುವ ಯುದ್ಧಕಾರ್ಯಕ್ಕೆ ‘ಸಂಯುಕ್ತ ಕಾರ್ಯಾಚರಣೆ’ಯೆಂದು ಹೆಸರು. ಇದು ಹೇಳುವಷ್ಟು ಸುಲಭವಾದ ಕೆಲಸವಲ್ಲ. ಇದರ ಸ್ವರೂಪವನ್ನೂ ಕಷ್ಟಗಳನ್ನೂ ತಿಳಿಯಲು ಸ್ವತಂತ್ರ ಭಾರತದ ಇತಿಹಾಸದಲ್ಲಿ, ಅದರಲ್ಲಿಯೂ ಮುಖ್ಯವಾಗಿ 1971ರ ಬಾಂಗ್ಲಾ ದೇಶದ ಯುದ್ಧದಲ್ಲಿ, ಉತ್ತಮ ನಿದರ್ಶನಗಳು ದೊರೆಯುತ್ತವೆ.

ಮೂರು ದಳಗಳ ಮೂರು ಸ್ವಭಾವ

ನೆಲವನ್ನು ಗೆಲ್ಲುವುದು ಮತ್ತು ಗೆದ್ದ ನೆಲದ ಮೇಲೆ ನಿಲ್ಲುವುದು ಭೂಸೇನೆಯ ಕಾರ್ಯ. ಈ ಕೆಲಸವನ್ನು ಬೇರೆ ಯಾವ ದಳವೂ ಮಾಡಲಾರದು. ಆದರೆ ಅದರ ನಡೆ ನಿಧಾನವಾದುದು. ಒಂದು ಹೊಳೆ, ಒಂದು ಜೌಗು, ಒಂದು ಮುರಿದ ಸೇತುವೆ ಸಾವಿರಾರು ಸೈನಿಕರನ್ನು ದಿನಗಟ್ಟಲೆ ತಡೆದು ನಿಲ್ಲಿಸಬಲ್ಲುದು. ವಾಯುಸೇನೆಗೆ ಹೊಳೆಯೂ ಇಲ್ಲ, ಬೆಟ್ಟವೂ ಇಲ್ಲ. ಕ್ಷಣಾರ್ಧದಲ್ಲಿ ಅದು ಶತ್ರುವಿನ ತಲೆಯ ಮೇಲಿರುತ್ತದೆ. ಆದರೆ ಇಂಧನವು ತೀರುವುದರೊಳಗೆ ಅದು ನೆಲೆಗೆ ಮರಳಲೇಬೇಕು. ಆಕಾಶದಲ್ಲಿ ಠಾಣೆ ಹೂಡಲು ಬರುವುದಿಲ್ಲ. ನೌಕಾಸೇನೆಯು ವಾರಗಟ್ಟಲೆ ಕಡಲ ಮೇಲಿದ್ದು ಶತ್ರುವಿನ ಬಂದರುಗಳಿಗೆ ಬರುವ ಆಹಾರ, ಎಣ್ಣೆ, ಮದ್ದುಗುಂಡುಗಳನ್ನು ತಡೆಯಬಲ್ಲುದು. ಅದರ ಪರಿಣಾಮ ಆಳವಾದುದು, ಆದರೆ ಕೂಡಲೇ ಕಣ್ಣಿಗೆ ಕಾಣುವಂಥದಲ್ಲ.

ಈ ಸ್ವಭಾವಭೇದದಿಂದ ಕಾಲಗಣನೆಯೂ ಬೇರೆಯಾಗುತ್ತದೆ. ಭೂಸೇನೆಯ ಅಧಿಕಾರಿ ದಿನಗಳ ಲೆಕ್ಕದಲ್ಲಿ ಯೋಚಿಸಿದರೆ ವಿಮಾನ ಚಾಲಕನು ನಿಮಿಷಗಳ ಲೆಕ್ಕದಲ್ಲಿ ಯೋಚಿಸುತ್ತಾನೆ. ನಾವಿಕನ ಲೆಕ್ಕ ವಾರಗಳದು. ನಕ್ಷೆಗಳು ಬೇರೆ, ಸಂಕೇತಗಳು ಬೇರೆ, ಆಜ್ಞೆ ಕೊಡುವ ರೀತಿಯೂ ಬೇರೆ. ಒಂದೇ ರಾಷ್ಟ್ರದ ಸೇವೆಯಲ್ಲಿದ್ದರೂ ಮೂರು ಭಿನ್ನ ಭಾಷೆಗಳನ್ನಾಡುವ ಮೂವರಂತೆ ಇವರು ಬೆಳೆದಿರುತ್ತಾರೆ. ಇವರನ್ನು ಕೂಡಿಸುವುದೇ ಸಂಯುಕ್ತ ಕಾರ್ಯಾಚರಣೆಯ ಮೊದಲನೆಯ ಮತ್ತು ಕೊನೆಯ ಸಮಸ್ಯೆ.

ಗೋವೆಯಿಂದ ಛಂಬದವರೆಗೆ

ಸ್ವಾತಂತ್ರ್ಯಾನಂತರ ಮೂರು ದಳಗಳೂ ಕೂಡಿ ನಡೆಸಿದ ಮೊದಲನೆಯ ದೊಡ್ಡ ಕಾರ್ಯವೆಂದರೆ 1961ರ ಡಿಸೆಂಬರಿನ ಗೋವಾ ವಿಮೋಚನೆ. ಈ ಕಾರ್ಯಕ್ಕೂ ಕನ್ನಡ ನಾಡಿಗೂ ನಿಕಟ ಸಂಬಂಧವುಂಟು. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೆಯ ಡಿವಿಜನ್ ಬೆಳಗಾವಿಯ ಸುತ್ತ ಜಮಾಯಿಸಿತು. ಉತ್ತರದಿಂದ ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೆಯ ಪ್ಯಾರಾಷೂಟ್ ಬ್ರಿಗೇಡ್ ಮುನ್ನಡೆಯಿತು. ಕ್ಯಾನ್‌ಬೆರಾ ವಿಮಾನಗಳು ದಾಬೋಳಿಯ ಓಡುದಾರಿಯನ್ನು ಕೆಡಿಸಿದುವು. ‘ಬೇತ್ವಾ’, ‘ಬಿಯಾಸ್’ ನೌಕೆಗಳು ಮುರಗಾಂವ್ ಬಂದರಿನಲ್ಲಿ ಪೋರ್ಚುಗೀಸರ ‘ಅಫೊನ್ಸೊ ದೆ ಅಲ್ಬುಕರ್ಕ್’ ಯುದ್ಧನೌಕೆಯನ್ನು ಎದುರಿಸಿದುವು. ಕಾರವಾರದ ದಡದಿಂದ ಕಣ್ಣಿಗೆ ಕಾಣುವ ಅಂಜದೀವ ದ್ವೀಪವನ್ನು ವಶಪಡಿಸಿಕೊಳ್ಳುವ ಕಾರ್ಯ ‘ಮೈಸೂರು’ ಮತ್ತು ‘ತ್ರಿಶೂಲ’ ನೌಕೆಗಳ ಪಾಲಿಗೆ ಬಂದಿತು. ಅಲ್ಲಿ ಏಳು ಮಂದಿ ಭಾರತೀಯ ನಾವಿಕರು ಪ್ರಾಣತೆತ್ತರು. ಡಿಸೆಂಬರ್ 18ರಂದು ಪ್ರಾರಂಭವಾದ ಕಾರ್ಯ 19ರಂದೇ ಮುಗಿದುಹೋಯಿತು. ಎದುರಾಳಿಯು ದುರ್ಬಲನಾದುದರಿಂದ ಮೂರು ದಳಗಳ ಸಹಕಾರವು ಕಠಿಣ ಪರೀಕ್ಷೆಗೆ ಒಳಗಾಗಲಿಲ್ಲ.

ಪರೀಕ್ಷೆಯ ಕಾಲ ಬಂದಾಗ ದೋಷಗಳು ಹೊರಬಿದ್ದವು. 1962ರ ಚೀನೀ ಆಕ್ರಮಣದಲ್ಲಿ ವಾಯುಸೇನೆಯನ್ನು ಸಾಮಗ್ರಿ ಸಾಗಣೆಗೆ ಬಳಸಲಾಯಿತೇ ಹೊರತು ಯುದ್ಧಕ್ಕೆ ಬಳಸಲಿಲ್ಲ. 1965ರ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಂಬ ಕ್ಷೇತ್ರಕ್ಕೆ ನುಗ್ಗಿದಾಗ ವಿಮಾನಗಳ ನೆರವು ಸಂಜೆಯ ಹೊತ್ತಿಗೆ ದೊರೆಯಿತು. ಹಳೆಯ ಮಾದರಿಯ ವ್ಯಾಂಪೈರ್ ವಿಮಾನಗಳು ನಾಲ್ಕು ಉರುಳಿದುವು. ಮಬ್ಬಿನಲ್ಲಿ, ಧೂಳಿನಲ್ಲಿ, ನೆಲದ ಮೇಲಿದ್ದವರೊಡನೆ ಸರಿಯಾದ ಸಂಪರ್ಕವಿಲ್ಲದೆ ನಡೆದ ಆ ದಾಳಿಯಲ್ಲಿ ಕೆಲವು ಹೊಡೆತಗಳು ಸ್ವಪಕ್ಷದ ಪಡೆಗಳ ಮೇಲೆಯೇ ಬಿದ್ದವು. ನೌಕಾಸೇನೆಯಂತೂ ಆ ಯುದ್ಧದಲ್ಲಿ ಹೆಚ್ಚು ಕಡಿಮೆ ಹೊರಗೇ ಉಳಿಯಿತು; ಪಾಕಿಸ್ತಾನದ ನೌಕೆಗಳು ದ್ವಾರಕೆಯ ಮೇಲೆ ಗುಂಡು ಹಾರಿಸಿ ಹೋದುವು. ಶೌರ್ಯಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಪರಸ್ಪರ ಸಮಾಲೋಚನೆಗೆ.

1971: ಸಿದ್ಧತೆಯ ತಿಂಗಳುಗಳು

1971ರ ಮಾರ್ಚಿಯಲ್ಲಿ ಪೂರ್ವ ಬಂಗಾಳದಲ್ಲಿ ಪಾಕಿಸ್ತಾನೀ ಸೈನ್ಯದ ದಮನಕಾರ್ಯ ಪ್ರಾರಂಭವಾಗಿ ಲಕ್ಷಾಂತರ ನಿರಾಶ್ರಿತರು ಭಾರತಕ್ಕೆ ಬರತೊಡಗಿದಾಗ ಕೂಡಲೇ ಯುದ್ಧವನ್ನು ಹೂಡಬೇಕೆಂಬ ಒತ್ತಾಯವಿದ್ದಿತು. ಭೂಸೇನೆಯ ಮುಖ್ಯಸ್ಥರಾದ ಜನರಲ್ ಮಾಣೆಕ್‌ಷಾ ಸಿದ್ಧತೆಗೆ ಕಾಲಾವಕಾಶವನ್ನು ಕೇಳಿದರು. ಮಳೆಗಾಲದಲ್ಲಿ ಬಂಗಾಳದ ನದಿಗಳು ಸಮುದ್ರದಂತಾಗುತ್ತವೆ. ಚಳಿಗಾಲದಲ್ಲಿಯಾದರೆ ನೆಲವು ಒಣಗುತ್ತದೆ, ಹಿಮಾಲಯದ ಕಣಿವೆಗಳೂ ಹಿಮದಿಂದ ಮುಚ್ಚಿಕೊಳ್ಳುತ್ತವೆ. ಹೀಗೆ ದೊರೆತ ತಿಂಗಳುಗಳಲ್ಲಿ ಮಾಣೆಕ್‌ಷಾ, ನೌಕಾಸೇನೆಯ ಅಡ್ಮಿರಲ್ ನಂದಾ, ವಾಯುಸೇನೆಯ ಏರ್ ಚೀಫ್ ಮಾರ್ಷಲ್ ಲಾಲ್ ಈ ಮೂವರೂ ಕೂಡಿ ಕುಳಿತು ಯೋಜನೆಯನ್ನು ರೂಪಿಸಿದರು.

ಪೂರ್ವರಂಗದಲ್ಲಿ ಒಂದು ವಿಚಿತ್ರ ತೊಡಕಿದ್ದಿತು. ಭೂಸೇನೆಯ ಪೂರ್ವ ಕಮಾಂಡಿನ ಕೇಂದ್ರ ಕಲ್ಕತ್ತೆಯಲ್ಲಿ, ವಾಯುಸೇನೆಯದು ಷಿಲ್ಲಾಂಗಿನಲ್ಲಿ, ನೌಕಾಸೇನೆಯದು ವಿಶಾಖಪಟ್ಟಣದಲ್ಲಿ. ಲೆಫ್ಟಿನೆಂಟ್ ಜನರಲ್ ಅರೋರಾ, ಏರ್ ಮಾರ್ಷಲ್ ದಿವಾನ್, ವೈಸ್ ಅಡ್ಮಿರಲ್ ಕೃಷ್ಣನ್ ಈ ಮೂವರಲ್ಲಿ ಯಾರೂ ಯಾರ ಅಧೀನರಲ್ಲ. ಇದಕ್ಕೆ ಪರಿಹಾರವಾಗಿ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿಯೇ ವಾಯುಸೇನೆಯ ಮುಂಗಡ ಕೇಂದ್ರವೊಂದನ್ನು ತೆರೆಯಲಾಯಿತು. ಭೂಸೇನೆಯ ದೊಡ್ಡ ದಳಗಳ ಜೊತೆಯಲ್ಲಿ ವಾಯುಸೇನೆಯ ಅಧಿಕಾರಿಗಳೂ ನಿಸ್ತಂತು ಯಂತ್ರಗಳೂ ಇರುವಂತೆ ವ್ಯವಸ್ಥೆಯಾಯಿತು. ಛಂಬದ ಪಾಠವು ವ್ಯರ್ಥವಾಗಲಿಲ್ಲ.

ಮೊದಲು ಆಕಾಶ, ಕಡಲು, ಅನಂತರ ನೆಲ

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಭಾರತದ ಪಶ್ಚಿಮದ ನೆಲೆಗಳ ಮೇಲೆ ಬಾಂಬು ಹಾಕುವುದರೊಡನೆ ಯುದ್ಧವು ಪ್ರಾರಂಭವಾಯಿತು. ಪೂರ್ವದಲ್ಲಿ ಪಾಕಿಸ್ತಾನಕ್ಕೆ ಇದ್ದುದು ಢಾಕಾದಲ್ಲಿ ಸೇಬರ್ ವಿಮಾನಗಳ ಒಂದೇ ಒಂದು ಸ್ಕ್ವಾಡ್ರನ್. ಭಾರತದ ಮಿಗ್-21 ವಿಮಾನಗಳು ಡಿಸೆಂಬರ್ 6ರಂದು ತೇಜ್‌ಗಾಂವ್ ನಿಲ್ದಾಣದ ಓಡುದಾರಿಯಲ್ಲಿ ಹೊಂಡಗಳನ್ನು ತೋಡಿದ ಮೇಲೆ ಆ ಸೇಬರುಗಳು ಮತ್ತೆ ಮೇಲೇಳಲಿಲ್ಲ. ಆಕಾಶವು ಭಾರತದ ವಶವಾಯಿತು.

ಕಡಲಿನ ಕೆಲಸವನ್ನು ವಿಮಾನವಾಹಕ ನೌಕೆ ‘ವಿಕ್ರಾಂತ್’ ವಹಿಸಿಕೊಂಡಿತು. ಅದರ ಒಂದು ಬಾಯ್ಲರು ಕೆಟ್ಟಿದ್ದುದರಿಂದ ಪೂರ್ಣ ವೇಗದಲ್ಲಿ ಸಾಗುವಂತಿರಲಿಲ್ಲ. ಅದನ್ನು ಬೇಟೆಯಾಡಲು ಬಂದಿದ್ದ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ಯು ವಿಶಾಖಪಟ್ಟಣದ ಬಂದರಿನೆದುರು ಡಿಸೆಂಬರ್ 3-4ರ ನಡುರಾತ್ರಿ ಮುಳುಗಿತು, ವಿಕ್ರಾಂತವು ಅಷ್ಟರಲ್ಲಿ ದೂರದ ಅಂಡಮಾನಿನ ಕಡೆಗೆ ಸರಿದಿತ್ತು. ಡಿಸೆಂಬರ್ 4ರಿಂದ ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ಎರಗಿದುವು. ಬಂಗಾಳ ಕೊಲ್ಲಿಯ ದಿಗ್ಬಂಧನವು ಪೂರ್ಣವಾದಾಗ ಢಾಕಾದಲ್ಲಿದ್ದ ಪಾಕಿಸ್ತಾನೀ ಸೈನ್ಯಕ್ಕೆ ನೆರವು ಬರುವ ದಾರಿಯೂ ಮುಚ್ಚಿತು, ತಪ್ಪಿಸಿಕೊಂಡು ಹೋಗುವ ದಾರಿಯೂ ಮುಚ್ಚಿತು.

ಈ ಎರಡು ಕಾರ್ಯಗಳ ಫಲ ಭೂಸೇನೆಗೆ ದೊರೆತ ಬಗೆಯನ್ನು ಮೇಘನಾ ನದಿಯ ಪ್ರಸಂಗದಲ್ಲಿ ಕಾಣಬಹುದು. ಪೂರ್ವದ ತ್ರಿಪುರಾ ಗಡಿಯಿಂದ ಮುನ್ನಡೆದ ನಾಲ್ಕನೆಯ ಕೋರಿನ ಅಧಿಪತಿ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್. ಹತ್ತು ವರ್ಷಗಳ ಹಿಂದೆ ಗೋವೆಯಲ್ಲಿ ಪ್ಯಾರಾಷೂಟ್ ಬ್ರಿಗೇಡನ್ನು ನಡೆಸಿದವರೇ ಇವರು. ಡಿಸೆಂಬರ್ 9ರಂದು ಹಿಮ್ಮೆಟ್ಟುತ್ತಿದ್ದ ಪಾಕಿಸ್ತಾನೀ ಪಡೆಗಳು ಆಶುಗಂಜದ ದೊಡ್ಡ ರೈಲ್ವೆ ಸೇತುವೆಯನ್ನು ಸಿಡಿಸಿದುವು. ವಿಶಾಲವಾದ ಮೇಘನೆಗೆ ಹೊಸ ಸೇತುವೆ ಕಟ್ಟುವುದೆಂದರೆ ಅಮೂಲ್ಯವಾದ ದಿನಗಳು ಕಳೆದುಹೋಗುತ್ತಿದ್ದುವು. ಆಗ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಅವರ ಮೇಲ್ವಿಚಾರಣೆಯಲ್ಲಿ ಎಮ್.ಐ.-4 ಹೆಲಿಕಾಪ್ಟರುಗಳು ಬ್ರಾಹ್ಮಣಬಾರಿಯಾದಿಂದ ಸೈನಿಕರನ್ನು ಎತ್ತಿಕೊಂಡು ನದಿಯ ಆಚೆಯ ರಾಯಪುರಾದಲ್ಲಿ ಇಳಿಸತೊಡಗಿದುವು. ಒಂದೊಂದು ಹೆಲಿಕಾಪ್ಟರು ಒಯ್ಯುವುದು ಕೆಲವೇ ಮಂದಿಯನ್ನು. ಆದರೆ ಹಗಲೂ ಇರುಳೂ ನಿಲ್ಲದೆ ಹಾರಾಡಿ ಬಟಾಲಿಯನ್ನುಗಳನ್ನೇ ದಾಟಿಸಿದುವು. ಶತ್ರುವಿನ ಒಂದೇ ಒಂದು ಯುದ್ಧವಿಮಾನ ಆಕಾಶದಲ್ಲಿ ಉಳಿದಿದ್ದರೂ ಈ ಸಾಹಸ ಸಾಧ್ಯವಾಗುತ್ತಿರಲಿಲ್ಲ. ಉಳಿದ ಪಡೆಗಳನ್ನೂ ಸಾಮಾನುಗಳನ್ನೂ ಬಂಗಾಳದ ಹಳ್ಳಿಗರು ತಮ್ಮ ನಾಡದೋಣಿಗಳಲ್ಲಿ ದಾಟಿಸಿಕೊಟ್ಟರು.

ಉತ್ತರದ ಕಡೆಯಿಂದ ಇನ್ನೊಂದು ಕಾರ್ಯ ನಡೆಯಿತು. ಜಮಾಲಪುರ, ಮೈಮನಸಿಂಗ್‌ಗಳಿಂದ ಪಾಕಿಸ್ತಾನದ ಒಂದು ಬ್ರಿಗೇಡ್ ಢಾಕಾಕ್ಕೆ ಹಿಂದೆಗೆಯುತ್ತಿದ್ದಿತು. ಅದನ್ನು ನಡುದಾರಿಯಲ್ಲಿ ತಡೆಯಲು ಡಿಸೆಂಬರ್ 11ರ ಮಧ್ಯಾಹ್ನದ ಮೇಲೆ ಸುಮಾರು 700 ಮಂದಿ ಪ್ಯಾರಾಷೂಟ್ ಸೈನಿಕರು ಟಾಂಗೈಲಿನ ಬಳಿ ಧುಮುಕಿದರು. ಅವರ ಗುರಿ ಲೋಹಜಂಗ್ ನದಿಯ ಮೇಲಿನ ಪುಂಗ್ಲಿ ಸೇತುವೆ. ಕೆಲವರು ಗುರುತಿನ ಸ್ಥಳದಿಂದ ದೂರ ಬಿದ್ದರು. ಊರವರು ಓಡಿಬಂದು ಮದ್ದುಗುಂಡಿನ ಪೆಟ್ಟಿಗೆಗಳನ್ನು ಹೊತ್ತರು, ಮುಕ್ತಿವಾಹಿನಿಯ ತರುಣರು ದಾರಿ ತೋರಿದರು. ಸೇತುವೆ ಅಂದೇ ರಾತ್ರಿ ಕೈವಶವಾಯಿತು. ನೆಲಮಾರ್ಗದಿಂದ ಬಂದು ಇವರನ್ನು ಕೂಡಿಕೊಂಡುದು ಮರಾಠಾ ಲಘು ಪದಾತಿದಳದ ಮೊದಲನೆಯ ಬಟಾಲಿಯನ್. ಆ ದಳದ ಕೇಂದ್ರ ಬೆಳಗಾವಿಯಲ್ಲಿದೆ. ಆಕಾಶದಿಂದ ಇಳಿದವರ ಬಳಿ ಭಾರಿ ಫಿರಂಗಿಗಳಿರುವುದಿಲ್ಲ. ನೆಲದಿಂದ ಬರುವವರು ಗೊತ್ತಾದ ಹೊತ್ತಿಗೆ ಬಾರದಿದ್ದರೆ ಅವರ ಗತಿ ಶೋಚನೀಯ. ಕೂಡುವ ಜಾಗ, ಕೂಡುವ ವೇಳೆ ಈ ಎರಡರ ಮೇಲೆ ನೂರಾರು ಪ್ರಾಣಗಳು ನಿಂತಿರುತ್ತವೆ.

ಡಿಸೆಂಬರ್ 14ರಂದು ಢಾಕಾದ ಸರಕಾರಿ ಭವನದಲ್ಲಿ ಉನ್ನತಾಧಿಕಾರಿಗಳ ಸಭೆ ಸೇರಲಿದೆಯೆಂಬ ನಿಸ್ತಂತು ಸಂದೇಶ ಭಾರತೀಯರ ಕಿವಿಗೆ ಬಿದ್ದಿತು. ಅಲ್ಪಕಾಲದಲ್ಲಿಯೇ ಮಿಗ್ ವಿಮಾನಗಳು ಗುವಾಹಾಟಿಯಿಂದ ಹೊರಟುವು. ಗುರಿಯನ್ನು ಗುರುತಿಸಲು ಚಾಲಕರ ಕೈಯಲ್ಲಿದ್ದುದು ಢಾಕಾ ನಗರದ ಒಂದು ಪ್ರವಾಸಿ ನಕ್ಷೆ! ದಾಳಿಯ ಅನಂತರ ಗವರ್ನರ್ ಮಲಿಕ್ ರಾಜೀನಾಮೆಯಿತ್ತರು. ಡಿಸೆಂಬರ್ 16ರಂದು ರಮ್ನಾ ರೇಸ್‌ಕೋರ್ಸ್ ಮೈದಾನದಲ್ಲಿ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಸುಮಾರು 93,000 ಮಂದಿ ಸೆರೆಯಾದರು. ಪತ್ರವನ್ನು ಸ್ವೀಕರಿಸಿದ ಅರೋರಾ ಅವರೊಂದಿಗೆ ಕೃಷ್ಣನ್, ದಿವಾನ್ ಇಬ್ಬರೂ ಅಲ್ಲಿದ್ದರೆಂಬುದು ಅರ್ಥಪೂರ್ಣವಾದ ಸಂಗತಿ.

ಗೆಲುವಿನೊಳಗಿನ ಸೋಲು

ಇಷ್ಟರಿಂದಲೇ ಎಲ್ಲವೂ ನಿರ್ದೋಷವಾಗಿದ್ದಿತೆಂದು ಭಾವಿಸಲಾಗದು. ಡಿಸೆಂಬರ್ 10ರಂದು ನೌಕಾಸೇನೆಯ ‘ಪನ್ವೇಲ್’ ದೋಣಿಯೂ, ಭಾರತೀಯ ಅಧಿಕಾರಿಗಳ ನಾಯಕತ್ವದಲ್ಲಿದ್ದ ಮುಕ್ತಿವಾಹಿನಿಯ ‘ಪದ್ಮಾ’, ‘ಪಲಾಶ್’ ಎಂಬ ದೋಣಿಗಳೂ ನದಿಮಾರ್ಗವಾಗಿ ಖುಲ್ನಾದ ಸಮೀಪಕ್ಕೆ ಬಂದುವು. ಸ್ವಪಕ್ಷದ ವಿಮಾನಗಳು ಗುರುತಿಸಲೆಂದು ಅವುಗಳಿಗೆ ಹಳದಿಯ ಗುರುತನ್ನು ಮಾಡಲಾಗಿತ್ತು. ಆದರೂ ಮೇಲೆ ಬಂದ ಭಾರತದ್ದೇ ನ್ಯಾಟ್ ವಿಮಾನಗಳು ಅವನ್ನು ಶತ್ರುವಿನ ದೋಣಿಗಳೆಂದು ಬಗೆದು ಎರಗಿದುವು. ಪದ್ಮಾ ಮತ್ತು ಪಲಾಶ್ ಎರಡೂ ನಾಶವಾದುವು. ಪಲಾಶಿನ ಯಂತ್ರಾಗಾರದಲ್ಲಿದ್ದ ರೂಹುಲ್ ಅಮೀನ್ ದೋಣಿಯನ್ನು ಉಳಿಸಲು ಹೆಣಗಿ ಪ್ರಾಣ ಕಳೆದುಕೊಂಡರು. ಬಾಂಗ್ಲಾ ದೇಶವು ಅವರಿಗೆ ತನ್ನ ಪರಮೋಚ್ಚವಾದ ‘ಬೀರ್ ಶ್ರೇಷ್ಠ’ ಗೌರವವನ್ನಿತ್ತಿತು. ವಿಮಾನ ಚಾಲಕರೂ ಕರ್ತವ್ಯನಿಷ್ಠರು, ದೋಣಿಯವರೂ ಕರ್ತವ್ಯನಿಷ್ಠರು. ಇವರು ಎಲ್ಲಿದ್ದಾರೆಂಬ ಸುದ್ದಿ ಅವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದುದೇ ಅನರ್ಥಕ್ಕೆ ಕಾರಣವಾಯಿತು.

ಯುದ್ಧದ ಕೊನೆಯ ದಿನಗಳಲ್ಲಿ, ಬರ್ಮಾದ ಕಡೆಗೆ ಶತ್ರುವು ಪಲಾಯನ ಮಾಡದಂತೆ ತಡೆಯಲು ಕಾಕ್ಸ್ ಬಜಾರಿನ ಕಡಲ ದಂಡೆಯಲ್ಲಿ ಗೂರ್ಖಾ ಸೈನಿಕರನ್ನು ಇಳಿಸುವ ಯೋಜನೆಯೊಂದು ತರಾತುರಿಯಲ್ಲಿ ಸಿದ್ಧವಾಯಿತು. ಗುಡ್ಡಗಾಡಿನ ಆ ವೀರರಿಗೆ ಕಡಲಿನಿಂದ ದಡಕ್ಕಿಳಿಯುವ ಅಭ್ಯಾಸವಿರಲಿಲ್ಲ. ಹಡಗು ಮರಳ ದಿಬ್ಬಕ್ಕೆ ತಗುಲಿ ನಿಂತಿತು. ದಿಬ್ಬಕ್ಕೂ ದಡಕ್ಕೂ ನಡುವೆ ಆಳವಾದ ನೀರಿದ್ದಿತು. ಮೊದಲಿಳಿದವರಲ್ಲಿ ಇಬ್ಬರು ಮುಳುಗಿಹೋದರು. ಶತ್ರುವಿನ ಒಂದು ಗುಂಡೂ ಹಾರದಿದ್ದ ಆ ದಡದಲ್ಲಿ ಅವರ ಪ್ರಾಣವನ್ನು ತೆಗೆದುದು ಪೂರ್ವಾಭ್ಯಾಸದ ಅಭಾವ.

ಪಶ್ಚಿಮದ ಮರುಭೂಮಿಯಲ್ಲಿ ಇದೇ ಪಾಠವನ್ನು ಪಾಕಿಸ್ತಾನವು ಕಲಿಯಿತು. ಡಿಸೆಂಬರ್ 4-5ರ ರಾತ್ರಿ ಲೋಂಗೇವಾಲಾ ಠಾಣೆಯ ಮೇಲೆ ಅದರ ಟ್ಯಾಂಕುಗಳು ಬಂದಾಗ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಬಳಿ ಇದ್ದುದು ಒಂದು ಕಂಪನಿ ಮಾತ್ರ. ಜೈಸಲ್ಮೇರಿನ ಹಂಟರ್ ವಿಮಾನಗಳಿಗೆ ಕತ್ತಲಲ್ಲಿ ಹೋರಾಡುವ ಸೌಕರ್ಯವಿರಲಿಲ್ಲ. ಬೆಳಗಾಗುವವರೆಗೆ ಹೇಗಾದರೂ ನಿಲ್ಲಬೇಕೆಂಬುದೇ ಒಪ್ಪಂದ. ಕಂಪನಿಯು ನಿಂತಿತು, ಬೆಳಗಾಯಿತು, ಹಂಟರುಗಳು ಬಂದುವು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ‘ಕೃಷಕ್’ ಎಂಬ ಪುಟ್ಟ ವಿಮಾನದಲ್ಲಿ ಮೇಜರ್ ಆತ್ಮಾ ಸಿಂಗ್ ಮೇಲೆ ಸುತ್ತುತ್ತ ಗುರಿಗಳನ್ನು ತೋರಿಸಿಕೊಟ್ಟರು. ಬಯಲಿನಲ್ಲಿ ಸಿಕ್ಕಿಬಿದ್ದ ಟ್ಯಾಂಕುಗಳಿಗೆ ತಮ್ಮ ಪಕ್ಷದ ವಿಮಾನಗಳ ರಕ್ಷಣೆಯೇ ಇರಲಿಲ್ಲ. ಒಂದು ಕಡೆ ಎರಡು ದಳಗಳು ಕೂಡಿದ್ದುವು, ಇನ್ನೊಂದು ಕಡೆ ಒಂದೇ ದಳವಿದ್ದಿತು.

ಫಲಿತವಾಗುವ ತತ್ತ್ವಗಳು

ಈ ಪ್ರಸಂಗಗಳಿಂದ ಸಂಯುಕ್ತ ಕಾರ್ಯಾಚರಣೆಯ ಕೆಲವು ಮೂಲತತ್ತ್ವಗಳನ್ನು ಗ್ರಹಿಸಬಹುದು. ಮೊದಲನೆಯದು ಗುರಿಯ ಏಕತೆ: ಢಾಕಾ ಗೆಲ್ಲುವುದು ಗುರಿಯಾದರೆ ಓಡುದಾರಿ ಕೆಡಿಸುವುದೂ ಬಂದರು ಮುಚ್ಚುವುದೂ ಅದರ ಮೆಟ್ಟಿಲುಗಳು. ಎರಡನೆಯದು ಕ್ರಮ: ಯಾವ ದಳದ ಕೆಲಸ ಮೊದಲು, ಯಾವುದು ಅನಂತರ ಎಂಬುದರ ನಿರ್ಣಯ. ಮೂರನೆಯದು ಸಂಪರ್ಕ: ಒಂದು ದಳದ ಅಧಿಕಾರಿಯು ಇನ್ನೊಂದರ ಪಕ್ಕದಲ್ಲಿ ಕುಳಿತಿರಬೇಕು, ಕಾಗದಗಳಿಂದ ಯುದ್ಧ ನಡೆಯದು. ನಾಲ್ಕನೆಯದು ಗುರುತು: ತನ್ನವರಾರು, ಎಲ್ಲಿದ್ದಾರೆ ಎಂಬುದು ಪ್ರತಿಕ್ಷಣವೂ ಎಲ್ಲರಿಗೂ ತಿಳಿದಿರಬೇಕು. ಐದನೆಯದು ಅಭ್ಯಾಸ: ಶಾಂತಿಕಾಲದಲ್ಲಿ ಕೂಡಿ ಬೆವರು ಸುರಿಸದವರು ಯುದ್ಧಕಾಲದಲ್ಲಿ ಕೂಡಲಾರರು. ಕೊನೆಯದು ಕೀರ್ತಿಯ ಆಸೆಯನ್ನು ಬಿಡುವುದು. ಕರಾಚಿಯ ಕೇಮಾರಿ ಎಣ್ಣೆ ಸಂಗ್ರಹಾಗಾರಗಳಿಗೆ ಬೆಂಕಿ ಬಿದ್ದುದು ವಾಯುಸೇನೆಯ ಹಂಟರುಗಳಿಂದಲೋ ನೌಕಾಸೇನೆಯ ಕ್ಷಿಪಣಿ ದೋಣಿಗಳಿಂದಲೋ ಎಂಬ ವಾದ ಯುದ್ಧವು ಮುಗಿದ ಮೇಲೂ ಬಹುಕಾಲ ನಡೆಯಿತು. ಮನುಷ್ಯ ಸ್ವಭಾವವು ಸಮವಸ್ತ್ರದೊಳಗೂ ಇರುತ್ತದೆ.

ಅನಂತರದ ವ್ಯವಸ್ಥೆ

1971ರ ಸಹಕಾರವು ಬಹುಮಟ್ಟಿಗೆ ಮೂವರು ಮುಖ್ಯಸ್ಥರ ಪರಸ್ಪರ ವಿಶ್ವಾಸದ ಮೇಲೆ ನಿಂತಿದ್ದಿತು. ವ್ಯಕ್ತಿಗಳು ಬದಲಾದಾಗಲೂ ಸಹಕಾರವು ಉಳಿಯಬೇಕಾದರೆ ಅದಕ್ಕೆ ಸಂಸ್ಥೆಯ ರೂಪ ಬೇಕು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಮೂರು ದಳಗಳ ತರುಣರೂ ಒಂದೇ ಸೂರಿನಡಿ ಕಲಿಯುವ ವ್ಯವಸ್ಥೆ 1950ರ ದಶಕದಿಂದಲೇ ಇದೆ. ಅಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು ಮುಂದೆ ಬೇರೆ ಬೇರೆ ಬಣ್ಣದ ಸಮವಸ್ತ್ರ ತೊಟ್ಟರೂ ಪರಿಚಯವು ಉಳಿಯುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಮತ್ತೆ ದಳಗಳ ನಡುವಣ ಸಮನ್ವಯದ ಪ್ರಶ್ನೆ ಎದ್ದಿತು; ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಸಮಿತಿಯು ಸುಧಾರಣೆಗಳನ್ನು ಸೂಚಿಸಿತು. 2001ರಲ್ಲಿ ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲಿ ಮೂರು ದಳಗಳೂ ಒಬ್ಬನೇ ಅಧಿಪತಿಯ ಕೈಕೆಳಗಿರುವ ಮೊದಲನೆಯ ಕಮಾಂಡ್ ಸ್ಥಾಪಿತವಾಯಿತು. 2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಮೂರೂ ದಳಗಳ ಸಂಬಂಧದ ಪ್ರಥಮ ರಕ್ಷಣಾ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡರು. ಸಂಯುಕ್ತ ಸಂಸ್ಥೆಯ ಅಧಿಪತಿಯು ತನ್ನ ಅಧೀನದಲ್ಲಿರುವ ಇತರ ದಳದವರ ಮೇಲೂ ಶಿಸ್ತಿನ ಅಧಿಕಾರವನ್ನು ನಡೆಸಲು ಅವಕಾಶ ಕೊಡುವ ಕಾಯಿದೆಯು 2023ರಲ್ಲಿ ಅಂಗೀಕೃತವಾಯಿತು.

ಕಾಯಿದೆಗಳೂ ಪದವಿಗಳೂ ಅವಶ್ಯ. ಆದರೆ ಅವು ದಾರಿಯನ್ನು ಹಾಕಿಕೊಡಬಲ್ಲವಲ್ಲದೆ ನಡೆಸಿಕೊಂಡು ಹೋಗಲಾರವು. ಮೇಘನೆಯ ದಡದಲ್ಲಿ ಸೇನಾನಿಯು ಹೆಲಿಕಾಪ್ಟರ್ ಚಾಲಕನನ್ನು ನಂಬಿದನು. ಲೋಂಗೇವಾಲಾದ ಮರಳಿನಲ್ಲಿ ಕಾಲಾಳು ಬೆಳಗಿನ ವಿಮಾನವನ್ನು ನಂಬಿ ರಾತ್ರಿಯನ್ನು ಕಳೆದನು. ಇಬ್ಬರ ನಂಬಿಕೆಯೂ ಹುಸಿಯಾಗಲಿಲ್ಲ. ಖುಲ್ನಾದ ನದಿಯಲ್ಲಿ ಹಳದಿಯ ಗುರುತನ್ನು ನಂಬಿದವರ ನಂಬಿಕೆ ಹುಸಿಯಾಯಿತು. ಇವೆರಡರ ನಡುವಣ ಅಂತರವೇ ಸಂಯುಕ್ತ ಕಾರ್ಯಾಚರಣೆಯೆಂಬ ವಿದ್ಯೆಯ ಸಾರ. ಮುಂದೆ ಸೈನ್ಯವನ್ನು ಸೇರುವ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ನಾಲ್ವರು ಕೂಡಿ ಒಂದು ಕೆಲಸವನ್ನು ಕೈಗೊಳ್ಳುವ ಯಾರಿಗೇ ಆಗಲಿ ಇದು ಮನನಯೋಗ್ಯವಾದುದು.